ವಿಮಾನ ಹತ್ತಿದ ಹಿತಕಿದ ಬೇಳೆ ಸಾರು

ಆ ದಿನ ಮನೆ ಬಿಡುವ ಮೊದಲು ನಾನು ಮಾಡಿದ ಕೆಲಸಗಳು: ಸಂಪಿನ ಮೋಟಾರು ಹಾಕಿ ಮೇಲಿನ ಟ್ಯಾಂಕು ತುಂಬಿಸಿದೆ. ಹಾಲು ಕಾಯಿಸಿಟ್ಟೆ. ಬಾಗಿಲಿಗೆ ನೀರು ಹಾಕಿ ಎರಡೆಳೆ ರಂಗೋಲಿ ಎಳೆದೆ. ನಮ್ಮ ಯಜಮಾನರ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ನಾಲ್ಕು ದಿನಕ್ಕೆ ನಾಲ್ಕು ಪೊಟ್ಟಣ ಮಾಡಿ ಫ್ರಿಜ್ಜಿನ ಮೇಲಿಟ್ಟೆ. ಕ್ಯಾಂಟೀನಿನ ಉಗ್ರಾಣದ ಬೀಗದ ಕೈಯನ್ನು ನಾಳೆ ಯಾರಿಗೆ ಕೊಡಬೇಕೆಂದು ಅವರಿಗೆ ಮೂರು ಸಲ ಹೇಳಿ, ಒಂದು ಸಲ ಅವರ ಬಾಯಲ್ಲೇ ಹೇಳಿಸಿದೆ. ಹಿಂದಿನ ದಿನ ನೆನೆಸಿದ್ದ ಅವರೆಕಾಳನ್ನು ಹಿತಕಿದೆ. ಸಾರು ಮಾಡಿದೆ, ಮುದ್ದೆ ಕಟ್ಟಿದೆ. ಅಳಲಿಲ್ಲ. ಈರುಳ್ಳಿ ಹೆಚ್ಚುವಾಗ ಬಂದದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬಿಸಿ ಊಟದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಸಣ್ಣ ಜಂಬ ನನಗೆ ಬಹಳ ಕಾಲದಿಂದ ಇತ್ತು. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ನಾನು ಸೂಪರ್‌ವೈಸರ್. ಪಾಳಿಯ ಗಂಟೆ ಹೊಡೆದು ಜನ ತಟ್ಟೆ ಹಿಡಿದು ನಿಲ್ಲುವ ಹೊತ್ತಿಗೆ ಸಾರಿನಿಂದ ಹಬೆ ಏಳುತ್ತಿರಬೇಕು, ಅಷ್ಟೇ ನನ್ನ ಉದ್ಯೋಗ. ದೂರಿನ ಪುಸ್ತಕದಲ್ಲಿ ‘ಸಾರು ತಣ್ಣಗಿತ್ತು’ ಎಂದು ಬರೆದವರು ಇಷ್ಟು ವರ್ಷಗಳಲ್ಲಿ ಒಬ್ಬರೇ, ಅವರೂ ಊಟಕ್ಕೆ ಬಂದದ್ದು ಮುಕ್ಕಾಲು ಗಂಟೆ ತಡವಾಗಿ. ಆದರೆ ಇದೆಲ್ಲ ನೆಲದ ಮೇಲಿನ ಮಾತು. ಊಟ ಕಟ್ಟಿಕೊಂಡು ಪ್ರಯಾಣ ಹೊರಟರೆ ಒಂದೊಂದು ಗಾಡಿಗೂ ಒಂದೊಂದು ಮರ್ಯಾದೆ ಇದೆ. ಬಸ್ಸಿನಲ್ಲಿ ಸುಲಿದು ತಿನ್ನುವಂಥದ್ದು ಮಾತ್ರ: ಕಡಲೆಕಾಯಿ, ಕಿತ್ತಳೆ, ಬಾಳೆಹಣ್ಣು. ರೈಲಿನಲ್ಲಿ ಡಬ್ಬಿ ಬಿಚ್ಚಬಹುದು, ಆದರೆ ಎದುರಿನವರಿಗೆ ‘ತಗೊಳ್ಳಿ’ ಎನ್ನದೆ ತುತ್ತು ಎತ್ತುವಂತಿಲ್ಲ. ಅವರು ಮೊದಲ ಸಲ ಬೇಡ ಎನ್ನಬೇಕು, ಎರಡನೇ ಸಲ ‘ಈಗ ತಾನೇ ಆಯ್ತು’ ಎನ್ನಬೇಕು, ಮೂರನೇ ಸಲಕ್ಕೆ ಕೈ ಚಾಚಬೇಕು. ವಿಮಾನದ ಮರ್ಯಾದೆ ಏನೆಂದು ನನಗೆ ಹೇಳುವವರು ಇರಲಿಲ್ಲ. ನಾನು ವಿಮಾನ ಹತ್ತಿದ್ದು ಅದೇ ಮೊದಲು.

ಹತ್ತಿದ್ದು ಅಕ್ಕನಿಗಾಗಿ. ಅಕ್ಕ ಮದುವೆಯಾಗಿ ದಿಲ್ಲಿಗೆ ಹೋದವಳು. ಭಾವನಿಗೆ ಅಲ್ಲಿ ಸರ್ಕಾರಿ ಕೆಲಸ, ನಿವೃತ್ತಿಯಾದ ಮೇಲೂ ಅಲ್ಲೇ ನಿಂತರು. ಆ ವರ್ಷ ದೀಪಾವಳಿ ಕಳೆದ ಮೇಲೆ ಅಕ್ಕ ಊಟ ಬಿಟ್ಟಳು. ಬಿಟ್ಟಳು ಎಂದರೆ ಹಟ ಹಿಡಿದು ಅಲ್ಲ. ಅನ್ನ ಕಂಡರೆ ಮುಖ ಆ ಕಡೆ ತಿರುಗುತ್ತಿತ್ತು, ಅಷ್ಟೇ. ಆಸ್ಪತ್ರೆಗೆ ಹೋದರು, ಬಂದರು, ಮತ್ತೆ ಹೋದರು. ಸಂಕ್ರಾಂತಿಗೆ ಹದಿನೈದು ದಿನ ಇರುವಾಗ ಭಾವ ಫೋನು ಮಾಡಿ, “ಡಾಕ್ಟ್ರು ಪಥ್ಯ ಎಲ್ಲಾ ತೆಗೆದುಬಿಟ್ರು ಕಣಮ್ಮ. ಮನೆಗೆ ಕರ್ಕೊಂಡು ಹೋಗಿ, ಏನು ಕೇಳಿದ್ರೂ ಕೊಡಿ ಅಂದ್ರು” ಎಂದರು. ಅಕ್ಕ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸು ಬಂದ ಹಾಗಿತ್ತು ಅವರ ದನಿ. ಒಳ್ಳೇದಾಯ್ತು ಭಾವ ಎಂದೆ. ಫೋನು ಇಟ್ಟ ಮೇಲೆ ತುಂಬಾ ಹೊತ್ತು ಗ್ಯಾಸಿನ ಒಲೆ ಒರೆಸುತ್ತಾ ನಿಂತೆ. ಮೊದಲೇ ಹೊಳೆಯುತ್ತಿದ್ದ ಒಲೆ ಅದು.

ಮಾರನೆಯ ದಿನ ಅಕ್ಕನನ್ನೇ ಕೇಳಿದೆ, ಏನು ತಿನ್ನಬೇಕು ಅನ್ನಿಸ್ತದೆ ಎಂದು. ಸೀರೆ ಅಂಗಡಿಯಲ್ಲಿ ಬಣ್ಣ ಆರಿಸುವವಳ ಹಾಗೆ ಸ್ವಲ್ಪ ಹೊತ್ತು ಯೋಚಿಸಿದಳು. “ಹಿತಕಿದ ಬೇಳೆ ಸಾರು, ಮುದ್ದೆ,” ಎಂದಳು. “ಬಿಸೀದು ಕಣೇ ಪುಟ್ಟಿ. ಆರಿದ್ದು ಇಲ್ಲೇ ಬೇಕಾದಷ್ಟು ಸಿಗ್ತದೆ.”

ನಮ್ಮಪ್ಪನ ರಾಗಿ ಹೊಲದಲ್ಲಿ ಸಾಲು ಬಿಟ್ಟು ಸಾಲು ಅವರೆ ಇರುತ್ತಿತ್ತು. ಇವತ್ತು ಅಲ್ಲಿ ನಾಲ್ಕಂತಸ್ತಿನ ಪೀಜಿ ಹಾಸ್ಟೆಲು ಇದೆ. ಹಿತಕುವುದನ್ನು ನನಗೆ ಕಲಿಸಿದವಳು ಅಕ್ಕ: ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ಬೇಳೆ ಪುಸಕ್ಕನೆ ಹಾರಬೇಕು, ಸಿಪ್ಪೆ ಕೈಯಲ್ಲಿ ಉಳಿಯಬೇಕು. ನನ್ನದು ಯಾವಾಗಲೂ ಅವಳ ಮುಖಕ್ಕೇ ಹಾರುತ್ತಿತ್ತು.

ಹೊರಡುವುದು ನಿಶ್ಚಯವಾಯಿತು. ನಮ್ಮ ಯಜಮಾನರು ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ಆಯುಷ್ಯ ಕಳೆದವರು, ಯಾವ ಕೆಲಸಕ್ಕೂ ಮೊದಲು ಟ್ರಯಲ್ ನೋಡಬೇಕು ಎನ್ನುವವರು. ಒಂದು ಭಾನುವಾರ ಬೆಳಗಿನ ಜಾವ ಸಾರು ಮುದ್ದೆ ಮಾಡಿ ಹಾಟ್‌ಬಾಕ್ಸಿಗೆ ಹಾಕಿ, ಟರ್ಕಿ ಟವೆಲು ಸುತ್ತಿ, ಅದರ ಮೇಲೆ ಅವರ ಉಣ್ಣೆಯ ಮಂಕಿ ಕ್ಯಾಪು ಹಾಕಿ ಸೋಫಾದ ಮೇಲೆ ಕೂರಿಸಿದೆವು. ಯಾರೋ ನೆಂಟರ ಮಗು ಬಂದು ಕೂತ ಹಾಗಿತ್ತು. ಏಳು ಗಂಟೆ ಬಿಟ್ಟು ತೆಗೆದರೆ ಹಬೆ ಬಂತು. ಅವರು ಉಂಡು, ಪಾಸು ಎಂದರು. ನಮ್ಮ ಮನೆಯಿರುವ ಸಿಂಗಸಂದ್ರದಿಂದ ವಿಮಾನ ನಿಲ್ದಾಣ, ಅಲ್ಲಿಂದ ದಿಲ್ಲಿ, ಅಲ್ಲಿಂದ ಅಕ್ಕನ ಮನೆ, ಎಲ್ಲ ಸೇರಿ ಏಳೂವರೆ ಗಂಟೆ. ಅರ್ಧ ಗಂಟೆಯನ್ನು ದೇವರಿಗೆ ಬಿಟ್ಟೆ.

ವಿಮಾನದಲ್ಲಿ ನೀರಾದ ಪದಾರ್ಥ ಒಯ್ಯಲು ಬಿಡುವುದಿಲ್ಲವೆಂದು ನಮ್ಮ ಪರ್ಚೇಸ್ ವಿಭಾಗದ ಸಾಹೇಬರು ಹೆದರಿಸಿದ್ದರು. “ಡಬ್ಬಿ ಓರೆ ಮಾಡಿ ನೋಡ್ತಾರೆ ಮೇಡಂ. ಅಲ್ಲಾಡಿದ್ರೆ ಕಸದ ಬುಟ್ಟಿಗೆ.” ಹಾಗಾಗಿ ಸಾರನ್ನು ಗಟ್ಟಿ ಮಾಡಿದ್ದೆ. ಎಷ್ಟು ಗಟ್ಟಿ ಎಂದರೆ, ನನ್ನ ಅಡಿಗೆಯವರಲ್ಲಿ ಯಾರಾದರೂ ಅಂಥ ಸಾರು ಮಾಡಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದೆ. ತಪಾಸಣೆಯ ಹೆಣ್ಣುಮಗಳು ಮಂಕಿ ಕ್ಯಾಪು ಕಂಡು ಒಂದು ಕ್ಷಣ ಗಾಬರಿಯಾದಳು. ಆಮೇಲೆ ಒಂದೊಂದೇ ಬಿಚ್ಚಿಸಿದಳು. ಮುಚ್ಚಳ ತೆಗೆದಾಗ ಹಬೆ ಅವಳ ಮುಖಕ್ಕೆ ಹೊಡೆಯಿತು. ನನ್ನ ಜೀವವೇ ಹೋದಂತಾಯಿತು. ನನಗೆ ಬರುವ ಕ್ಯಾಂಟೀನು ಹಿಂದಿಯಲ್ಲಿ ಬೇಗ ಮುಚ್ಚು ತಾಯಿ, ಆರಿಹೋಗ್ತದೆ ಎಂದು ಬೇಡಿಕೊಂಡೆ. ಅವಳು ಡಬ್ಬಿಯನ್ನು ಓರೆ ಮಾಡಿದಳು. ಸಾರು ಮಿಸುಕಲಿಲ್ಲ. ಇನ್ನೂ ಓರೆ ಮಾಡಿದಳು. ಇಲ್ಲ. ಹೆಮ್ಮೆಪಡಬೇಕೋ ನಾಚಬೇಕೋ ತಿಳಿಯದೆ ನಿಂತೆ.

ಒಳಗೆ ನನ್ನ ಜಾಗ ನಡುವಿನ ಸೀಟು. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಗಗನಸಖಿ ಬಂದು ನಗುನಗುತ್ತಾ ಕೆಳಗಿಡಿಸಿದಳು. ನೆಲ ತಣ್ಣಗಿರುತ್ತದೆ ಎಂದು ಚಪ್ಪಲಿ ಬಿಚ್ಚಿ ಚಪ್ಪಲಿಯ ಮೇಲೆ ಡಬ್ಬಿ ಇಟ್ಟು, ಎರಡು ಪಾದಗಳನ್ನು ಅದರ ಅಕ್ಕಪಕ್ಕ ಒತ್ತಿಕೊಂಡು ಕೂತೆ. ಕಿಟಕಿ ಪಕ್ಕದಲ್ಲಿ ಕೋಟು ಹಾಕಿದ ನಲವತ್ತರ ಆಸುಪಾಸಿನ ಗಂಡಸು. ವಿಮಾನ ಮೇಲೆದ್ದು ಸ್ವಲ್ಪ ಹೊತ್ತಿಗೆ ಸೊಗಡು ಎದ್ದಿತು. ಅವರೆಯ ಸೊಗಡು ಗೊತ್ತಲ್ಲ, ಮುಚ್ಚಳಕ್ಕೆ ಬಗ್ಗುವ ಜಾತಿಯಲ್ಲ. ಮುಂದಿನ ಸಾಲಿನಲ್ಲಿ ಒಬ್ಬರು ತಿರುಗಿದರು, ಇನ್ನೊಬ್ಬರು ಮೇಲಿನ ಗಾಳಿಯ ಗುಂಡಿ ತಿರುಗಿಸಿದರು. ಕೋಟಿನವರ ಮೂಗು ಎರಡು ಸಲ ಅರಳಿತು. ಇಲ್ಲಿ ಒಂದು ತಪ್ಪೊಪ್ಪಿಗೆ: ನಾನೂ ಮೂಗು ಅರಳಿಸಿ, ಯಾರದಪ್ಪಾ ಇದು ಎನ್ನುವಂತೆ ಆ ಕಡೆ ಈ ಕಡೆ ನೋಡಿದೆ. ಕೊನೆಗೆ ಕೋಟಿನವರನ್ನೇ ಸ್ವಲ್ಪ ಅನುಮಾನದಿಂದ ನೋಡಿದೆ. ಇದೇ ಹೊತ್ತಿಗೆ ಹಿಂದೆ ಯಾರೋ ಕಪ್ ನೂಡಲ್ಸಿಗೆ ಬಿಸಿನೀರು ಹಾಕಿಸಿಕೊಂಡರು. ಆ ಮಸಾಲೆ ವಾಸನೆ ಇಡೀ ವಿಮಾನಕ್ಕೆ ಹರಡಿತು. ಅದಕ್ಕೆ ಒಬ್ಬರೂ ತಿರುಗಲಿಲ್ಲ. ಕೊಂಡದ್ದರ ವಾಸನೆಗೆ ಇರುವ ಮರ್ಯಾದೆ ಕಟ್ಟಿಕೊಂಡು ಬಂದದ್ದರ ವಾಸನೆಗೆ ಇಲ್ಲ, ಇದು ನನಗೆ ಆಕಾಶದಲ್ಲಿ ತಿಳಿದ ಮೊದಲ ಪಾಠ.

“ಮೇಡಂ, ತಪ್ಪು ತಿಳ್ಕೋಬೇಡಿ,” ಎಂದರು ಕೋಟಿನವರು ಮೆಲ್ಲಗೆ. “ಅವರೆಕಾಳಾ?”

ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಹೂಂ ಎಂದೆ.

“ಹಿತಕಿದ್ದಾ?”

ಅದಕ್ಕೂ ಹೂಂ ಎಂದೆ. ಅವರು ಕಿಟಕಿಯ ಕಡೆ ತಿರುಗಿ ಸ್ವಲ್ಪ ಹೊತ್ತು ಮೋಡ ನೋಡಿದರು. ಆಮೇಲೆ, “ನಮ್ದು ಆನೇಕಲ್ ಹತ್ರ. ಆಗ್ಲಿಂದ ತಡ್ಕೊಂಡು ಕೂತಿದ್ದೆ, ಕೇಳಿದ್ರೆ ಏನಂದ್ಕೋತೀರೋ ಅಂತ” ಎಂದರು. ನಾನು ಅಕ್ಕನ ವಿಷಯ ಹೇಳಿದೆ. ಡಾಕ್ಟರು ಏನು ಬೇಕಾದರೂ ಕೊಡಿ ಎಂದದ್ದನ್ನೂ ಹೇಳಿದೆ. ಅವರು ‘ಒಳ್ಳೇದಾಯ್ತು’ ಎನ್ನಲಿಲ್ಲ. ಅವರಿಗೂ ಅರ್ಥವಾಯಿತು.

ದಿಲ್ಲಿಯಲ್ಲಿ ಮಂಜು. ವಿಮಾನ ಮೇಲೆಯೇ ಸುತ್ತು ಹಾಕಿತು, ಇನ್ನೊಂದು ಸುತ್ತು ಹಾಕಿತು, ಆಮೇಲೆ ಜೈಪುರಕ್ಕೆ ಹೋಗಿ ಇಳಿಯಿತು. ಇಳಿಯಿತೇ ಹೊರತು ನಮ್ಮನ್ನು ಇಳಿಸಲಿಲ್ಲ. ಮಂಜು ಬಿಟ್ಟ ಕೂಡಲೇ ಹೊರಡುತ್ತೇವೆ ಎನ್ನುತ್ತಾ ಮೂರು ಗಂಟೆ ಕೂರಿಸಿದರು. ನೂಡಲ್ಸ್ ಮುಗಿಯಿತು, ಬಿಸ್ಕತ್ತು ಮುಗಿಯಿತು. ಹೊಟ್ಟೆ ಹಸಿದ ಜನ ಈಗ ಸೊಗಡಿಗೆ ಮುಖ ಸಿಂಡರಿಸುವುದನ್ನು ಬಿಟ್ಟು ಬೇರೆ ಥರ ನೋಡತೊಡಗಿದರು. ಹಸಿದವರ ನಡುವೆ ಊಟದ ಡಬ್ಬಿ ಕಾಲ ಸಂದಿಯಲ್ಲಿಟ್ಟುಕೊಂಡು ಕೂರುವುದು ನಮ್ಮ ಮನೆತನದಲ್ಲಿ ಮಹಾಪಾಪ. ಬಿಚ್ಚಿದರೆ ಅಕ್ಕನ ಬಿಸಿ ಹೋಗುತ್ತದೆ, ಬಿಚ್ಚದಿದ್ದರೆ ಮಾನ ಹೋಗುತ್ತದೆ. ಪಕ್ಕದವರಿಗಾದರೂ ಹೇಳದೆ ಇರಲಾಗಲಿಲ್ಲ. ಒಂದು ತುತ್ತು ತಗೊಳ್ಳಿ ಎಂದೆ. ಬೇಡ ಎಂದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಹೇಳಿದೆ. ಬೆಳಿಗ್ಗೆ ಗಟ್ಟಿಯಾಗಿ ತಿಂದು ಬಂದಿದ್ದೇನೆ ಎಂದರು, ಅವರ ಹೊಟ್ಟೆ ಗುರ್ರೆಂದದ್ದು ನನಗೆ ಕೇಳಿಸಿತು. ಮೂರನೇ ಸಲ ನಾನು ಹೇಳಲಿಲ್ಲ. ಮೂರನೇ ಸಲಕ್ಕೆ ಕೈ ಚಾಚುತ್ತಾರೆ ಎಂಬುದು ಗೊತ್ತಿದ್ದೇ ಹೇಳಲಿಲ್ಲ.

ಅವರಿಗೂ ಅದು ಗೊತ್ತಿರಬೇಕು, ಆನೇಕಲ್ಲಿನವರಲ್ಲವೇ. ಎದ್ದು ನಿಂತು ಕೋಟು ಬಿಚ್ಚಿದರು. ಬಗ್ಗಿ ನನ್ನ ಕಾಲ ಬಳಿಯಿಂದ ಡಬ್ಬಿ ಎತ್ತಿ, ಟವೆಲು ಮಂಕಿ ಕ್ಯಾಪುಗಳ ಸಮೇತ ಅದಕ್ಕೆ ಕೋಟು ಸುತ್ತಿ, ತೋಳುಗಳನ್ನು ಎಳೆದು ಗಂಟು ಹಾಕಿದರು. “ಬಿಚ್ಚಲೇಬೇಡಿ ಅಕ್ಕ,” ಎಂದರು. “ಒಂದ್ಸಲ ಹಬೆ ಹೋದ್ರೆ ಮುಗೀತು.” ಸಂಜೆ ಅವರಿಗೆ ದೊಡ್ಡ ಕಂಪನಿಯವರ ಜೊತೆ ಮೀಟಿಂಗಂತೆ. ಕೋಟಿಗೆ ವಾಸನೆ ಹತ್ತುತ್ತದಲ್ಲ ಎಂದೆ. ಹತ್ತಲಿ ಬಿಡಿ ಎಂದರು. ಕೊನೆಗೆ ಮಂಜು ಬಿಟ್ಟು, ದಿಲ್ಲಿಯಲ್ಲಿ ಇಳಿದು, ಕೋಟು ಬಿಡಿಸಿಕೊಂಡು ಡಬ್ಬಿ ವಾಪಸು ಕೊಡುವಾಗ ತಮ್ಮ ನಂಬರು ಬರೆದುಕೊಟ್ಟು, ಅಕ್ಕ ತಿಂದರೋ ಇಲ್ಲವೋ ಒಂದು ಮೆಸೇಜು ಹಾಕಬೇಕೆಂದು ಮಾತು ತೆಗೆದುಕೊಂಡರು.

ಅಕ್ಕನ ಮನೆ ತಲುಪಿದಾಗ ನಾಲ್ಕು ಗಂಟೆ ಹೊಡೆದಿತ್ತು. ಕಿಟಕಿ ಪಕ್ಕದ ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಕೈ ಎತ್ತಿ ಕರೆದಾಗ ಬಳೆಗಳೆಲ್ಲ ಮೊಣಕೈವರೆಗೆ ಜಾರಿದವು. ನಾನು ಅದನ್ನು ನೋಡದವಳ ಹಾಗೆ ಡಬ್ಬಿ ಬಿಚ್ಚತೊಡಗಿದೆ. ಮಂಕಿ ಕ್ಯಾಪು, ಟವೆಲು, ಮುಚ್ಚಳ. ಹಬೆ ಬರಲಿಲ್ಲ. ಬೆರಳಿಟ್ಟು ನೋಡಿದೆ. ಮುದ್ದೆ ತಣ್ಣಗಿತ್ತು, ಸಾರು ಉಗುರು ಬೆಚ್ಚಗೂ ಇರಲಿಲ್ಲ. ಆಗ ಅಳು ಬಂತು. ಈ ಸಲ ಈರುಳ್ಳಿಯ ನೆಪವೂ ಇರಲಿಲ್ಲ. ಅಳುತ್ತಲೇ ಟ್ರಯಲ್ ನೋಡಿದ್ದು, ಡಬ್ಬಿ ಓರೆ ಮಾಡಿದ್ದು, ಮಂಜು, ಕೋಟು, ಎಲ್ಲ ಹೇಳಿದೆ. ಅಕ್ಕ ಪೂರ್ತಿ ಕೇಳಿದಳು. ಆಮೇಲೆ ಅಡಿಗೆಮನೆಯ ಕಡೆ ನೋಡಿದಳು. ಅಲ್ಲಿ ಭಾವ ನನಗಾಗಿ ಕಾಫಿಗೆ ಇಟ್ಟಿದ್ದರು, ಒಲೆಯ ನೀಲಿ ಉರಿ ಮಂಚದವರೆಗೂ ಕಾಣುತ್ತಿತ್ತು.

“ಅಲ್ವೇ ಪುಟ್ಟಿ,” ಎಂದಳು, “ಕಾಳು, ರಾಗಿ ಹಿಟ್ಟು ಎರಡೂ ತಂದು ಇಲ್ಲೇ ಮಾಡಬೋದಿತ್ತಲ್ವೇನೆ?”

ಹತ್ತೊಂಬತ್ತು ವರ್ಷ ಒಲೆಯ ಮುಂದೆ ನಿಂತವಳಿಗೆ ದಿಲ್ಲಿಯಲ್ಲೂ ಒಲೆ ಇರುತ್ತದೆ ಎಂಬುದು ಹೊಳೆದಿರಲಿಲ್ಲ. ಟ್ರಯಲ್ ನೋಡಿದ ಲೇತಿನ ಮಹಾನುಭಾವರಿಗೆ ಹೊಳೆದಿರಲಿಲ್ಲ, ಪರ್ಚೇಸ್ ಸಾಹೇಬರಿಗೆ ಹೊಳೆದಿರಲಿಲ್ಲ, ಕೋಟು ಬಿಚ್ಚಿಕೊಟ್ಟ ಪುಣ್ಯಾತ್ಮರಿಗೂ ಹೊಳೆದಿರಲಿಲ್ಲ. ಏನು ಕೇಳಿದರೂ ಕೊಡಿ ಎಂಬ ಮಾತು ಕಿವಿಗೆ ಬಿದ್ದ ದಿನದಿಂದ ನನ್ನ ತಲೆಯೊಳಗೆ ಬೇರೆ ಯಾವುದಕ್ಕೂ ಜಾಗವೇ ಇರಲಿಲ್ಲ. ಅಕ್ಕ ನಗತೊಡಗಿದಳು. ನಗು ಕೆಮ್ಮಿಗೆ ತಿರುಗಿತು. ಭಾವ ಏನೋ ಆಗಿಹೋಯಿತೆಂದು ಸೌಟು ಹಿಡಿದೇ ಓಡಿ ಬಂದರು. ಅಕ್ಕ ನನ್ನ ಕಡೆ ಬೆರಳು ತೋರಿಸಿ, “ಇವಳು ಕ್ಯಾಂಟೀನು ನಡೆಸ್ತಾಳಂತೆ ಕಣ್ರೀ” ಎಂದು ಮತ್ತೆ ನಕ್ಕಳು. ತಿಂಗಳಾಗಿತ್ತಂತೆ ಅವಳು ನಕ್ಕು.

ಮುದ್ದೆಯನ್ನು ಹಬೆಗಿಟ್ಟೆ. ಸಾರಿಗೆ ನೀರು ಬೆರೆಸಿ ಕುದಿಸಿದೆ, ಆಗ ಅದು ಸಾರಿನ ಮುಖ ಪಡೆಯಿತು. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಹಬೆಯಾಡುವ ತಟ್ಟೆ ಮುಂದಿಟ್ಟಾಗ ಅಕ್ಕ ಮೊದಲು ಬಗ್ಗಿ ಮೂಸಿದಳು. “ಸೊಗಡು ಐತೆ,” ಎಂದಳು. ಮೂರು ತುತ್ತು ನುಂಗಿದಳು. ನಾಲ್ಕನೆಯದನ್ನು ಸಾರಿನಲ್ಲಿ ಅದ್ದಿ ಕೈಯಲ್ಲೇ ಹಿಡಿದು, “ನೀನೇನು ತಿಂದೆ ಬೆಳಗಿಂದ?” ಎಂದಳು. ನಾನು ಏನೂ ಹೇಳುವ ಮೊದಲೇ ತುತ್ತು ನನ್ನ ಬಾಯ ಬಳಿ ಬಂದಿತ್ತು. ಐವತ್ತೊಂದು ವರ್ಷದ ನಾನು ಬಾಯಿ ತೆರೆದೆ. ಮೂರು ಸಲ ಹೇಳಿಸಿಕೊಳ್ಳಲಿಲ್ಲ.

ಮುಂದಿನ ಅವರೆ ಕಾಲಕ್ಕೆ ಅಕ್ಕ ಇರಲಿಲ್ಲ. ಈಗ ಕಾರ್ಖಾನೆಯಲ್ಲಿ ಯಾರಾದರೂ ವಿಮಾನದಲ್ಲಿ ಬಿಸಿ ಊಟ ಒಯ್ಯುವುದು ಹೇಗೆ ಎಂದು ಕೇಳಿದರೆ, ಟವೆಲು, ಮಂಕಿ ಕ್ಯಾಪು, ಓರೆ ಮಾಡಿದರೂ ಮಿಸುಕದ ಸಾರು, ಎಲ್ಲವನ್ನೂ ವಿವರವಾಗಿ ಹೇಳಿಕೊಡುತ್ತೇನೆ. ಕಾಳು ಒಯ್ದು ಅಲ್ಲೇ ಮಾಡಬಹುದು ಎಂದು ಮಾತ್ರ ಹೇಳುವುದಿಲ್ಲ. ಹೊತ್ತುಕೊಂಡು ಹೋಗುವುದು ಅವರಿಗೂ ಬೇಕಿರಬಹುದು.

ಅಕ್ಕ ಉಂಡ ಆ ಸಂಜೆ ಕೋಟಿನವರಿಗೆ ಮೆಸೇಜು ಹಾಕಿದೆ: ‘ಅಕ್ಕ ತಿಂದರು. ಬಿಸಿ ಇತ್ತು.’ ಒಲೆಯ ವಿಷಯ ಬರೆಯಲಿಲ್ಲ. ಭಾವ ಅರ್ಧ ಮುದ್ದೆ ಉಂಡರು. ಅಕ್ಕನಿಗೆಂದು ಸಾವಿರ ಮೈಲಿ ಹೊತ್ತು ತಂದದ್ದರಲ್ಲಿ ಮಿಕ್ಕಿದ್ದೆಲ್ಲವನ್ನೂ, ಎರಡು ಮುದ್ದೆ, ಸಾರು, ತಳದಲ್ಲಿ ಹತ್ತಿದ ಬೇಳೆಯ ಸಮೇತ ಬೆರಳಿನಿಂದ ಬಳಿದು ನಾನೇ ಉಂಡೆ. ಚಿಕ್ಕಂದಿನಲ್ಲಿ ನಾವಿಬ್ಬರೂ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದೆವು. ನನಗೆ ಕತ್ತಲೆಂದರೆ ಭಯ, ಹಾಗಾಗಿ ನಾನು ನಿದ್ದೆ ಹೋಗುವವರೆಗೆ ಅಕ್ಕ ಕಣ್ಣು ಮುಚ್ಚುವಂತಿರಲಿಲ್ಲ. ಅವತ್ತು ನಾನು ತಟ್ಟೆ ತೊಳೆದು ಬರುವಷ್ಟರಲ್ಲಿ ಅಕ್ಕನೇ ಮೊದಲು ನಿದ್ದೆ ಹೋಗಿದ್ದಳು.