ಭಾವನ ಲೈಬ್ರರಿಯಲ್ಲಿ ಪುಸ್ತಕವಿಲ್ಲ

ನಮ್ಮ ಭಾವನಿಗೆ ತಲೆ ಕೆಟ್ಟಿದೆ ಎಂದು ಊರಿನವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕೆಡಬೇಕಾದರೆ ತಲೆ ಒಂದು ಕಡೆ ನಿಂತಿರಬೇಕಲ್ಲ? ಭಾವನ ದೇಹ ಶೆಟ್ಟಿಕೆರೆ ಹತ್ತಿರದ ತೆಂಗಿನ ತೋಟದಲ್ಲಿರುತ್ತದೆ. ತಲೆ ಮಾತ್ರ ಜರ್ಮನಿಯಲ್ಲೋ ಬ್ರೆಜಿಲ್ಲಿನಲ್ಲೋ ಯಾರದೋ ಕಂಪ್ಯೂಟರಿನೊಳಗೆ ಅಡ್ಡಾಡಿಕೊಂಡಿರುತ್ತದೆ!

ಇವರು ನನ್ನ ಅಕ್ಕನ ಗಂಡ. ಒಂದು ಕಾಲದಲ್ಲಿ ತಿಪಟೂರಿನ ಛತ್ರಗಳಲ್ಲಿ ಮದುವೆ ವಿಡಿಯೋ ತೆಗೆಯುತ್ತಿದ್ದವರು. ಈಗ ತೋಟ ನೋಡಿಕೊಂಡು ಬಿಡುವಿನಲ್ಲಿ (ಬಿಡುವು ಸಿಕ್ಕಾಗ ತೋಟ ನೋಡುತ್ತಾರೆ ಎನ್ನುವುದು ಅಕ್ಕನ ತಿದ್ದುಪಡಿ) ತಮ್ಮಷ್ಟಕ್ಕೆ ತಾವೇ ಕಲಿತು ಒಂದು ವಿಡಿಯೋ ಲೈಬ್ರರಿಗೆ ಕೋಡ್ ಬರೆಯುತ್ತಾರೆ. ಅಂದರೆ, ವಿಡಿಯೋವನ್ನು ಕಳಿಸುವ ಕಡೆ ಹಿಂಡಿ ಚಿಕ್ಕದು ಮಾಡಿ, ತಲುಪಿದ ಕಡೆ ಮತ್ತೆ ಬಿಡಿಸಿ ತೋರಿಸುವ ಪ್ರೋಗ್ರಾಮು. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು. ದೇಶದೇಶದವರು ಸೇರಿ ಬರೆಯುತ್ತಲೇ ಇದ್ದಾರೆ, ಮುಗಿಯುವ ಲಕ್ಷಣವಿಲ್ಲ. ಸಂಬಳವಂತೂ ಇಲ್ಲವೇ ಇಲ್ಲ.

ಇದನ್ನು ಊರಿಗೆ ತಿಳಿಸಿ ಹೇಳುವವರು ಯಾರು? ಯಾರೋ ಕೇಳಿದ್ದಕ್ಕೆ ಅಕ್ಕ "ಲೈಬ್ರರಿ ಕೆಲ್ಸ ಮಾಡ್ತಾರೆ" ಎಂದುಬಿಟ್ಟಳು. ಮಾರನೇ ದಿನವೇ ಪಕ್ಕದ ತೋಟದ ನಿವೃತ್ತ ಮೇಷ್ಟ್ರು ಹಾಜರು.

"ಏನಪ್ಪಾ, ಲೈಬ್ರರಿ ತೆಗ್ದಿದ್ದೀಯಂತೆ. ಪೇಪರ್ ಬತ್ತದಾ?"

"ಇಲ್ಲ ಮೇಷ್ಟ್ರೇ."

"ಪುಸ್ತಕ?"

"ಅದೂ ಇಲ್ಲ."

"ಹೋಗ್ಲಿ, ಕೂರಾಕೆ ಬೆಂಚಾದ್ರೂ ಐತಾ?"

ಬೆಂಚೂ ಇಲ್ಲವೆಂದು ತಿಳಿದು ಮೇಷ್ಟ್ರು ಲೊಚಗುಟ್ಟಿದರು. ಸಂಜೆಗೆ ಹಳೆಯ ವಾರಪತ್ರಿಕೆಗಳ ದೊಡ್ಡದೊಂದು ಕಟ್ಟನ್ನು ದಾನವಾಗಿ ಆಟೋದಲ್ಲಿ ಕಳಿಸಿಕೊಟ್ಟರು!

ಭಾವನಿಗೆ ಈ ಹುಚ್ಚು ಹಿಡಿದದ್ದು ಹೇಗೆ ಅಂತೀರಾ? ಒಂದು ಹಸುವಿನಿಂದ! ಅಕ್ಕನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದು ಓದುತ್ತಾಳೆ. ಮನೆಯವರ ಜೊತೆ ಅವಳ ಮಾತೆಲ್ಲ ವಿಡಿಯೋ ಕಾಲಿನಲ್ಲಿ, ಕೈಸನ್ನೆಯಲ್ಲಿ. ಶುರುವಾಯಿತೆಂದರೆ ಮುಗಿಯಿತು, ನಡುವೆ ಬಾಯಿ ಹಾಕಲು ಯಾರಿಗೂ ಸಾಧ್ಯವಿಲ್ಲ. ನಮ್ಮ ವಂಶದ ಬಾಯೆಲ್ಲ ಅವಳ ಬೆರಳಿಗೆ ಬಂದಿದೆ. ಆದರೆ ತೋಟದಲ್ಲಿ ನೆಟ್‌ವರ್ಕು ಅಷ್ಟಕ್ಕಷ್ಟೆ. ಒಂದು ದಿನ ಅವಳು ಹಣೆಯ ಮೇಲೆ ಎರಡು ಬೆರಳನ್ನು ಕೊಂಬಿನ ಹಾಗೆ ನಿಲ್ಲಿಸಿ, ಆಮೇಲೆ ಹೊಟ್ಟೆ ತೋರಿಸಿ, "ಹಸು ಕರು ಹಾಕ್ತಾ?" ಎಂದು ಕೇಳಿದ್ದಾಳೆ. ಇಲ್ಲಿ ಬೆರಳೆಲ್ಲ ಮಸುಕು ಮಸುಕು. ಅಕ್ಕನಿಗೆ ಕಂಡದ್ದು ತಲೆ ಹಿಡಿದುಕೊಂಡು ಹೊಟ್ಟೆ ಮುಟ್ಟಿಕೊಂಡ ಮಗಳು! ತಲೆನೋವು, ಹೊಟ್ಟೆನೋವು ಎರಡೂ! ಅಕ್ಕ ಜೀರಿಗೆ ಕಷಾಯವನ್ನು ಫ್ಲಾಸ್ಕಿಗೆ ಸುರಿದುಕೊಂಡು, ಸಿಕ್ಕ ಬಸ್ಸು ಹತ್ತಿ, ಅಳುತ್ತಾ ಮೈಸೂರು ಸೇರಿದಾಗ ಮಗಳು ಥ್ರೋಬಾಲ್ ಆಡುತ್ತಿದ್ದಳು. ಹಸುವನ್ನು ಯಾರ ಕೈಗೆ ಬಿಟ್ಟು ಬಂದೆ ಎಂದು ತಾಯಿಯನ್ನೇ ಗದರಿಸಿದಳಂತೆ.

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಭಾವ ನಗಲಿಲ್ಲ.

"ನಿಜವಾಗ್ಲೂ ನೋವಿದ್ದು, ನಾವು ಹಸು ವಿಚಾರ ಅಂದ್ಕೊಂಡು ಸುಮ್ಕಾಗಿದ್ರೆ ಏನ್ಲಾ ಗತಿ?" ಎಂದರು.

ನನ್ನ ನಗು ಅಲ್ಲೇ ನಿಂತಿತು. ಅಂದಿನಿಂದ ಭಾವನಿಗೆ ಒಂದೇ ಧ್ಯಾನ: ನೆಟ್‌ವರ್ಕ್ ಎಷ್ಟೇ ಕಮ್ಮಿಯಿರಲಿ, ಹಿಂದಿನ ಗೋಡೆ, ಗಿಡ, ಆಕಾಶ ಎಲ್ಲ ಹಾಳಾಗಿ ಹೋಗಲಿ, ಬೆರಳು, ಮುಖ ಮಾತ್ರ ಮಸುಕಾಗಬಾರದು.

ಗಾಳಿಗೆ ಆಡುವ ತೆಂಗಿನ ಗರಿಯಿದೆಯಲ್ಲ, ಅದು ವಿಡಿಯೋ ಹಿಂಡುವವರ ಪಾಲಿನ ಶನಿಯಂತೆ. ಒಂದೊಂದು ಎಳೆಯೂ ಒಂದೊಂದು ದಿಕ್ಕಿಗೆ ಆಡಿ ಪ್ರೋಗ್ರಾಮಿನ ತಲೆ ತಿರುಗಿಸುತ್ತದೆ. ಅಂಥ ಗರಿಯ ಮುಂದೆ ಕೈಯಾಡಿಸಿದರೆ ಅದೇ ನಿಜವಾದ ಪರೀಕ್ಷೆ! ಮನೆಗೆ ಬಂದ ನೆಂಟರನ್ನೆಲ್ಲ ಭಾವ ಕಾಫಿಗೆ ಮುಂಚೆ ಮರದ ಕೆಳಗೆ ನಿಲ್ಲಿಸಿ ವಿಡಿಯೋ ತೆಗೆಯತೊಡಗಿದರು. ನನ್ನನ್ನು ಬಿಟ್ಟಾರೆಯೇ?

"ಬೆರಳು ಆಡ್ಸ್ಲಾ. ಬಿರ್‍ರನೆ ಆಡ್ಸು!"

"ಎಷ್ಟು ಬೆರಳು ಕಾಣ್ತಾವೆ ಭಾವ?"

"ಏಳು."

"ನಾನು ಎತ್ತಿರೋದು ಒಂದೇ ಕೈ!"

"ಅದೇ ಕಣ್ಲಾ, ಅಲ್ಲೇ ಐತೆ ತಪ್ಪು!" ಎಂದು ನಿಧಿ ಸಿಕ್ಕವರಂತೆ ಕುಣಿದರು. ಅಷ್ಟರಲ್ಲಿ ಕಾಯಿ ಕೀಳಲು ಹತ್ತಿದ್ದವನು ಮರದ ತುದಿಯಿಂದ ಕ್ಯಾಮೆರಾ ನೋಡಿ ಕೂಗಿದ: "ಕುಡ್ದಿದ್ದು ಒಂದೇ ಎಳನೀರು ಕಣಣ್ಣೋ! ಅದ್ಕೂ ವಿಡಿಯೋನಾ?"

ಕೋಡಿಗೆ ಬರೆದ ತಿದ್ದುಪಡಿಗೆ ಆ ಕೆಲಸದವರು ಪ್ಯಾಚ್ ಎನ್ನುತ್ತಾರೆ. "ಇವತ್ತು ಒಂದು ಪ್ಯಾಚ್ ಹಾಕ್ದೆ ಕಣೇ" ಎಂದು ಭಾವ ಉಬ್ಬಿದರೆ, "ಅಂಗಿ ಮೊಣಕೈ ಹರಿದೈತೆ, ಅದಕ್ಕೂ ಒಂದು ಹಾಕ್ರೀ" ಎನ್ನುತ್ತಾಳೆ ಅಕ್ಕ. ಹಾಕಿದರಾಯಿತೇ, ಒಪ್ಪಬೇಡವೇ? ಒಪ್ಪುವವನು ಜರ್ಮನಿಯ ಒಬ್ಬ ಮಹಾಶಯ. ಹೆಣ್ಣು ನೋಡಲು ಬಂದ ಗಂಡಿನ ಸೋದರತ್ತೆಯಾದರೂ ಇವನಿಗಿಂತ ವಾಸಿ! ಕೋಡಿನ ಸಾಲೊಂದರ ಕೊನೆಯಲ್ಲಿ ಖಾಲಿ ಜಾಗ ಉಳಿದಿದೆ ಎಂದು ವಾಪಸು ಕಳಿಸಿದ. ಖಾಲಿ ಜಾಗ ಕಣ್ರೀ! ನಮ್ಮ ಕಡೆ ಖಾಲಿ ಜಾಗ ಉಳಿದರೆ ಸೈಟು ಮಾಡಿ ಮಾರುತ್ತಾರೆ!

ಭಾವನಿಗೂ ಆ ಚಾಳಿ ಅಂಟಿತು. ಊಟಕ್ಕೆ ಕೂತು, "ಸಾರಿಗೆ ಹುಳಿ ಜಾಸ್ತಿ. ತಿದ್ದಿ ಮತ್ತೆ ಕಳ್ಸು" ಎಂದರು. ಅಕ್ಕ ತಟ್ಟೆಯನ್ನೇ ಎತ್ತಿಕೊಂಡು ಹೋದಳು. ಅಂದು ಭಾವ ಬಾಳೆಹಣ್ಣು ತಿಂದು ಮಲಗಿದರು.

ಖಾಲಿ ಜಾಗ ತೆಗೆದದ್ದಾಯಿತು, ಕೋಡಿನೊಳಗೆ ಅವನಿಗೆ ಹಿಡಿಸದ ಹೆಸರುಗಳನ್ನು ಬದಲಿಸಿದ್ದಾಯಿತು. ಕೊನೆಗೆ ಮಹಾಶಯ ಕೇಳಿದ: "ಇದರಿಂದ ಪ್ರೋಗ್ರಾಮು ನಿಧಾನವಾಗುತ್ತದೆ. ಇಷ್ಟಕ್ಕೂ ಇದು ಯಾರಿಗೆ ಬೇಕು?"

ಎಂಥದಕ್ಕೂ ಉದ್ದುದ್ದ ವಾದ ಬರೆಯುವ ಭಾವ ಈ ಸಲ ಎದ್ದು ಅಕ್ಕನ ಹತ್ತಿರ ಹೋದರು. ಅವನು ಬೇಡವೆಂದರೆ ಮಾಡಿದ್ದೆಲ್ಲ ಮಣ್ಣುಪಾಲು.

"ಯಾರಿಗೆ ಬೇಕು ಅಂತ ಕೇಳವ್ನೆ ಕಣೇ."

"ಅದಕ್ಯಾಕೆ ಅಷ್ಟು ಯೋಚ್ನೆ? ಇದ್ದಿದ್ದು ಇದ್ದಂಗೆ ಬರೀರಿ" ಎಂದಳು ಅಕ್ಕ.

ಭಾವ ತಮ್ಮ ಹರಕು ಇಂಗ್ಲಿಷಿನಲ್ಲಿ ಬರೆದದ್ದು ಇಷ್ಟೆ: "ನನ್ನ ಮಗಳು ಕೈಯಲ್ಲಿ ಮಾತಾಡುತ್ತಾಳೆ. ನನಗೆ ಪೂರ್ತಿ ಕೇಳಿಸಬೇಕು."

ಒಂದು ಬೆಳಗ್ಗೆ ನೋಡಿದರೆ ಜರ್ಮನಿಯವನೇ ಕೂತು, ಭಾವನ ಕೋಡು ನಿಧಾನವಾಗದ ಹಾಗೆ ತಿದ್ದಿ, ಒಪ್ಪಿಗೆಯ ಗುಂಡಿ ಒತ್ತಿದ್ದ. ಸೋದರತ್ತೆ ಎಂದದ್ದಕ್ಕೆ ನನಗೇ ನಾಚಿಕೆಯಾಯಿತು.

ಭಾವ ಹೊಸ ಪ್ರೋಗ್ರಾಮನ್ನು ತಮ್ಮ ಫೋನಿಗೆ ಹಾಕಿಕೊಂಡು, ಮಗಳ ಫೋನಿಗೂ ಹಾಕಿಸಿ, ಭಾನುವಾರ ತೋಟದ ನಡುವೆಯೇ ಕೂತು ಮಗಳಿಗೆ ಕಾಲ್ ಮಾಡಿದರು. ಅತ್ತ ಹಾಸ್ಟೆಲ್ಲಿನ ಗೋಡೆ ಕಲಸಿದ ಹಿಟ್ಟಾಗಿತ್ತು, ಕಿಟಕಿ ಎಲ್ಲೋ ಕರಗಿತ್ತು. ಆದರೆ ಆ ಬೆರಳು! ಒಂದೊಂದೂ ಬಿಡಿಬಿಡಿಯಾಗಿ, ಉಗುರಿಗೆ ಮೆತ್ತಿದ ಶಾಯಿ ಸಮೇತ! ಉಪ್ಪಿಟ್ಟನ್ನು ಬೈದಳು, ವಾರ್ಡನ್ನರ ನಡಿಗೆ ಅಣಕಿಸಿದಳು, ಗೆಳತಿಯ ಚಾಡಿ ಹೇಳಿದಳು. ಅಕ್ಕ ನಕ್ಕು ನಕ್ಕು ಸುಸ್ತಾದಳು. ಭಾವ ಮಾತ್ರ ರೆಪ್ಪೆ ಬಡಿಯದೆ ನೋಡುತ್ತಿದ್ದರು.

ಇದ್ದಕ್ಕಿದ್ದಂತೆ ಹುಡುಗಿ ಕೈ ನಿಲ್ಲಿಸಿ, ಮುಖ ಮುಂದೆ ತಂದಳು. ಒಂದು ಬೆರಳನ್ನು ಕಣ್ಣಿನಿಂದ ಕೆನ್ನೆಗೆ ಇಳಿಸಿದಳು. ಅಪ್ಪ, ಅಳ್ತಿದ್ದೀಯಾ?

ಭಾವ ಗಡಬಡಿಸಿ ಕೈಯಾಡಿಸಿದರು: ಇಲ್ಲ ಕಣಮ್ಮ, ನೆಟ್‌ವರ್ಕ್ ಸರಿಯಿಲ್ಲ, ಚಿತ್ರ ಕೆಟ್ಟು ಹಂಗೆ ಕಾಣ್ತೈತೆ.

ಅವಳು ನಗುತ್ತಾ ತಲೆಯಲ್ಲಾಡಿಸಿದಳು. ಇಲ್ಲಪ್ಪ, ಎಲ್ಲಾ ಚೆನ್ನಾಗಿ ಕಾಣ್ತೈತೆ.