ಹೇಮಾವತಿಯ ಮ್ಯಾಮೊಗ್ರಾಂ ದಂಡಯಾತ್ರೆ

ಹೇಮಾವತಿ ಮನಸ್ಸು ಮಾಡಿದಳೆಂದರೆ ಮುಗಿಯಿತು, ಅವಳನ್ನು ತಡೆಯುವವರು ಹೊಸನಗರದಲ್ಲಿ ಇನ್ನೂ ಹುಟ್ಟಿಲ್ಲ! ಹಾಗೆಂದು ಊರಿನವರು ಹೇಳಿದ್ದಲ್ಲ, ಮಹಿಳಾ ಸಂಘದ ಸಭೆಯಲ್ಲಿ ಮೈಕು ಹಿಡಿದು ಸ್ವತಃ ಹೇಮಾವತಿಯೇ ಹೇಳಿದ್ದು.

"ಮನೆ ಮಂದಿ ಆರೋಗ್ಯ ಎಲ್ಲ ನಾವು ನೋಡ್ತೀವಿ, ನಮ್ಮದನ್ನ ನೋಡೋರು ಯಾರು? ನಲವತ್ತು ದಾಟಿದ ಮೇಲೆ ಪರೀಕ್ಷೆ ಮಾಡಿಸ್ಕೊಳ್ಳಲೇಬೇಕು. ಬರೋ ಶನಿವಾರ ನಾನು ಸಾಗರಕ್ಕೆ ಹೋಗಿ ಮ್ಯಾಮೊಗ್ರಾಂ ಮಾಡಿಸ್ಕೊಂಡು ಬರ್ತೀನಿ. ಯಾರು ಅಡ್ಡ ಬರ್ತಾರೋ ಬರ್ಲಿ."

ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದ ಮೇಲೆ ಹಿಂದೆ ಸರಿಯುವಂತೆಯೂ ಇರಲಿಲ್ಲ.

ಈ ಪೌರುಷದ ಹಿಂದೆ ಒಂದು ಹೆದರಿಕೆಯೂ ಇತ್ತೆನ್ನಿ. ನಿಟ್ಟೂರಿನಲ್ಲಿರುವ ಅವಳ ಅಕ್ಕ ಮಹಾಲಕ್ಷ್ಮೀ ಎದೆಯಲ್ಲಿ ಗಂಟು ಕಂಡರೂ ನಾಚಿಕೆಯಿಂದ ಒಂದು ವರ್ಷ ಬಾಯಿ ಬಿಡದೆ ಕೂತಿದ್ದಳು. ಆಮೇಲೆ ಆಪರೇಷನ್ನು, ಕೂದಲು ಉದುರಿಸುವ ಔಷಧಿ ಎಲ್ಲ ಆಗಿ ಹೇಗೋ ಬದುಕಿ ಬಂದಿದ್ದಳು. "ನನ್ನ ಕತೆ ನಿಂಗೆ ಬೇಡ. ಹೋದ್ಯಾ, ಇಲ್ವಾ?" ಎಂದು ಅವಳ ಫೋನು ಬರುತ್ತಲೇ ಇತ್ತು. ಹೇಮಾವತಿ ಮೂರು ವರ್ಷದಿಂದ ಹೊರಟೇ ಇದ್ದಳು. ಊರಿನ ಅರ್ಧ ಹೆಂಗಸರಿಗೆ ರವಿಕೆ ಹೊಲಿಯುವವಳಿಗೆ ಮದುವೆ ಸೀಸನ್ ಮುಗಿದರೆ ತಾನೆ? ಈ ಸಲ ಮಾತ್ರ ಅಂಗಡಿಗೆ ಬೀಗ ಜಡಿದೇಬಿಟ್ಟಳು.

ಶನಿವಾರ ಬೆಳಿಗ್ಗೆ ದಂಡು ಹೊರಟಿತು. ಮುಂದೆ ಹೇಮಾವತಿ, ಹಿಂದೆ ಗಂಡ ಸುರೇಂದ್ರ, ಅವನ ಹಿಂದೆ ಕರೆಯದೆಯೇ ಒಳ್ಳೆ ಸೀರೆಯುಟ್ಟು ಬಸ್ಸು ಹತ್ತಿದ ಅತ್ತೆ ಬಂಗಾರಮ್ಮ.

"ನಿಮಗೆಂತಕ್ಕೆ ಅತ್ತೆ ಈ ಓಡಾಟ?"

"ನಾನೂ ಬರ್ತೀನಿ," ಎಂದರು ಬಂಗಾರಮ್ಮ. ತನ್ನ ಮೇಲೆ ಕಾವಲಿಗೆ ಬರುತ್ತಿದ್ದಾರೆ ಎಂದುಕೊಂಡು ಹೇಮಾವತಿ ಕಿಟಕಿ ಕಡೆ ತಿರುಗಿದಳು.

ಆಸ್ಪತ್ರೆಯಲ್ಲಿ ಶಿಲ್ಪಶ್ರೀ ಎಂಬ ನರ್ಸು ನಗುನಗುತ್ತಲೇ ಬಾಂಬು ಹಾಕಿದಳು. "ಮೇಡಂ, ಕುತ್ತಿಗೇಲಿ ಇರೋದೆಲ್ಲ ತೆಗೀಬೇಕು. ಕರಿಮಣಿನೂ."

"ಗಂಡ ಎದುರಿಗೇ ನಿಂತಿರುವಾಗ ಕರಿಮಣಿ ತೆಗೆಯೋದಾ?" ಬಂಗಾರಮ್ಮ ಸುರೇಂದ್ರನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಈಗಲೇ ಅವನಿಗೇನಾದರೂ ಆಯಿತೇ ಎಂಬಂತೆ.

"ಮಣಿ ಇದ್ರೆ ಫೋಟೋದಲ್ಲಿ ಅದೇ ಕಾಣ್ತದೆ ಅಜ್ಜಿ. ಲಾಕರ್‌ನಲ್ಲಿ ಇಡಿ."

ಕಬ್ಬಿಣದ ಡಬ್ಬಿಯಲ್ಲಿ ತಾಳಿ ಇಡುವುದಕ್ಕೆ ಬಂಗಾರಮ್ಮ ಒಪ್ಪಲಿಲ್ಲ. "ಹಾಗಾದ್ರೆ ನೀವೇ ಹಿಡ್ಕೊಳ್ಳಿ ಅತ್ತೆ," ಎಂದಳು ಹೇಮಾವತಿ. ಬಂಗಾರಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು. ಮಾವ ತೀರಿಕೊಂಡ ಮೇಲೆ ಅವರು ಕರಿಮಣಿ ಮುಟ್ಟಿದವರಲ್ಲ.

"ನಾನು ಮುಟ್ಟಬಾರ್ದು. ಕಟ್ಟಿದವನ ಕುತ್ತಿಗೇಲೇ ಇರ್ಲಿ."

ಹೀಗೆ ಸಾಗರದ ಆಸ್ಪತ್ರೆಯೊಂದರ ಹಾಲಿನಲ್ಲಿ ಸುರೇಂದ್ರನ ಕೊರಳಿಗೆ ಮಾಂಗಲ್ಯಧಾರಣೆ ಸಾಂಗವಾಗಿ ನೆರವೇರಿತು! "ಶರ್ಟಿನ ಒಳಗೆ ಹಾಕ್ಕೊಳ್ಳಿ. ಅಲ್ಲಾಡಬೇಡಿ. ಯಾರ ಹತ್ರನೂ ಮಾತಾಡಬೇಡಿ," ಎಂದು ಅಪ್ಪಣೆ ಕೊಡಿಸಿ ಹೇಮಾವತಿ ಒಳಗೆ ಹೋದಳು. ಅತ್ತೆಯೂ ಹಿಂದೆಯೇ ಹೋಗಿ ಹೆಂಗಸರ ಬೆಂಚಿನಲ್ಲಿ ಕೂತರು.

ಇಷ್ಟು ವರ್ಷ ಊರಿನವರ ಮೈಗೆ ಟೇಪು ಹಿಡಿದವಳು ಮೊದಲ ಸಲ ತನ್ನ ಮೈಯನ್ನು ಇನ್ನೊಬ್ಬರ ಕೈಗೆ ಕೊಟ್ಟು ನಿಂತಳು. ಯಂತ್ರ ಹಪ್ಪಳ ಒತ್ತಿದಂತೆ ಒತ್ತಿತು. ನೋವಾಯಿತು. ನೋವಿಗಿಂತ ಹೆದರಿಕೆಯೇ ಹೆಚ್ಚಾಗಿ, ಅಕ್ಕನ ಬೋಳುತಲೆ ಕಣ್ಣ ಮುಂದೆ ಬಂತು. ಆದರೂ ಹಲ್ಲು ಕಚ್ಚಿ ನಿಂತಳು, ಓಡಿಹೋಗಲಿಲ್ಲ.

ಅಷ್ಟು ಹೊತ್ತಿಗೆ ಹೊರಗೆ ನಡೆದದ್ದು ಅವಳಿಗೆ ಆಮೇಲೆ ತಿಳಿಯಿತು. ಸುರೇಂದ್ರ ಅಪ್ಪಣೆಯನ್ನು ಚಾಚೂ ತಪ್ಪದೆ ಪಾಲಿಸಿದ್ದ. ಸರ ಹೊರಗೆ ಇಣುಕೀತೆಂದು ಎದೆಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಗುರುತಿನವರು ಯಾರಾದರೂ ಬಂದಾರೆಂದು ಬೆವರಿದ. ನಲವತ್ತೈದು ದಾಟಿದ ಗಂಡಸು ಆಸ್ಪತ್ರೆಯಲ್ಲಿ ಎದೆ ಹಿಡಿದುಕೊಂಡು ಬೆವರುತ್ತಿದ್ದರೆ ಯಾರು ಸುಮ್ಮನಿದ್ದಾರು!

"ಎದೆನೋವಾ ಸರ್?" ಎಂದು ಒಬ್ಬ ನರ್ಸು ಕೇಳಿದಳು. ಮಾತಾಡಬಾರದಲ್ಲ, ಅವನು ತಲೆ ಅಲ್ಲಾಡಿಸಿದ.

"ಮಾತೇ ಬರ್ತಿಲ್ಲ ಇವರಿಗೆ. ವೀಲ್‌ಚೇರ್ ತನ್ನಿ."

ಇಸಿಜಿ ಕೋಣೆಯಲ್ಲಿ ಮಲಗಿಸಿ ಶರ್ಟಿನ ಗುಂಡಿ ಬಿಚ್ಚಿದರೆ ಒಳಗೆ ಎರಡೆಳೆ ಕರಿಮಣಿ ಸರ!

"ಯಾರದ್ದು ಇದು?"

"ನನ್ನ ಹೆಂಡ್ತಿದು." ಮಾತು ಬಂದೇಬಿಟ್ಟಿತು.

"ಅವರೆಲ್ಲಿ?"

ಪರೀಕ್ಷೆಯ ಹೆಸರು ಹೇಳಲು ಸುರೇಂದ್ರನಿಗೆ ನಾಚಿಕೆ. "ಇದಾರೆ... ಆ ಕಡೆ," ಎಂದು ಗೋಡೆ ತೋರಿಸಿದ. ಸೆಕ್ಯೂರಿಟಿಯವನು ಬಂದು ಬಾಗಿಲಿಗೆ ಅಡ್ಡ ನಿಂತ.

ಹೇಮಾವತಿ ಪರೀಕ್ಷೆ ಮುಗಿಸಿ ಬಂದಾಗ ಗಂಡನೂ ಇಲ್ಲ, ಸರವೂ ಇಲ್ಲ. "ಯಾರೋ ಒಬ್ಬ ಸರದ ಸಮೇತ ಸಿಕ್ಕಿಬಿದ್ದಿದಾನಂತೆ," ಎಂದಳು ಶಿಲ್ಪಶ್ರೀ. ಹೇಮಾವತಿ ಬರಿಗೊರಳಲ್ಲೇ ಓಡಿದಳು. ಮಂಚದ ಮೇಲೆ ಮೈತುಂಬ ವೈರು ಅಂಟಿಸಿಕೊಂಡು ಸುರೇಂದ್ರ ಪೆಚ್ಚುಮೋರೆ ಹಾಕಿ ಮಲಗಿದ್ದ.

"ಇವರು ನಿಮ್ಮ ಯಜಮಾನ್ರಾ?" ಎಂದ ಸೆಕ್ಯೂರಿಟಿಯವನು.

"ಹೌದು."

"ಸರ?"

"ಅದೂ ನಂದೇ. ಎರಡನ್ನೂ ಬಿಡಿ."

ಬಂಗಾರಮ್ಮ ಏದುಸಿರು ಬಿಡುತ್ತ ಬಂದರು. "ಈಗಿಂದೀಗ್ಲೇ ಹಾಕು ಮಾರಾಯ. ಪೂರ್ವಕ್ಕೆ ಮುಖ ಮಾಡಿ ಹಾಕು." ಪೂರ್ವ ಯಾವ ಕಡೆಯೆಂದು ಸೆಕ್ಯೂರಿಟಿಯವನೇ ತೋರಿಸಿಕೊಟ್ಟ. ವೈರುಗಳ ಸಮೇತ ಎದ್ದು ಕೂತು ಸುರೇಂದ್ರ ಎರಡನೇ ಸಲ ಅದೇ ಹೆಂಡತಿಯನ್ನು ಮದುವೆಯಾದ. ನರ್ಸುಗಳೆಲ್ಲ ಬಾಗಿಲಲ್ಲಿ ನಿಂತು ನಕ್ಕರು. ಅವನ ಹೃದಯ ಗಟ್ಟಿಯಾಗಿಯೇ ಇತ್ತು, ಇದ್ದದ್ದು ಹೆಂಡತಿಯ ಭಯ ಮಾತ್ರ.

ಮಧ್ಯಾಹ್ನದ ಮೇಲೆ ಡಾಕ್ಟರಮ್ಮ ಕರೆದರು. "ಎಂತದೂ ತೊಂದರೆ ಇಲ್ಲ. ಎರಡು ವರ್ಷ ಬಿಟ್ಟು ಮತ್ತೆ ಬನ್ನಿ." ಹೇಮಾವತಿಗೆ ಕಣ್ಣು ತುಂಬಿ ಬಂತು. ಅಕ್ಕನಿಗೆ ಫೋನು ಮಾಡಿದರೆ ಆ ಕಡೆ ಅವಳೂ ಅತ್ತಳು.

ಅತ್ತು ಮುಗಿಯುತ್ತಲೇ ಪೌರುಷ ಮರಳಿ ಬಂತು.

"ನೋಡಿದ್ರಾ, ಹೇಳಿದ ಮೇಲೆ ಮಾಡಿಯೇ ತೀರೋಳು ನಾನು. ಇನ್ನು ಸಂಘದವರನ್ನ ಒಬ್ಬರನ್ನೂ ಬಿಡಲ್ಲ, ಎಲ್ರನ್ನೂ ಕರ್ಕೊಂಡು ಬರ್ತೀನಿ. ಏಳಿ ಅತ್ತೆ, ಬಸ್ಸಿಗೆ ಹೊತ್ತಾಯ್ತು."

ಬಂಗಾರಮ್ಮ ಬೆಂಚಿನಿಂದ ಏಳಲಿಲ್ಲ.

"ನನ್ನ ಹೆಸ್ರು ಇನ್ನೂ ಕರೀಲಿಲ್ವಲ್ಲ."

"ನಿಮ್ಮ ಹೆಸ್ರಾ?"

"ನಂದೂ ಬರ್ಸಿದ್ದೀ ಅಂತ ಮಾಡಿದ್ದೆ."

ಒಂದೇ ಮನೆಯಲ್ಲಿರುವ, ಅರವತ್ತಾರು ತುಂಬಿದ ಈ ಹೆಂಗಸು ಹೇಮಾವತಿಯ ಭಾಷಣದಲ್ಲಿ ಎಲ್ಲೂ ಬಂದಿರಲಿಲ್ಲ. ನಾಚಿಕೆಯಿಂದ ಮುಖವೆತ್ತಲಾಗದೆ ಬ್ಯಾಗನ್ನು ಗಂಡನ ಕೈಗೆ ತುರುಕಿ ಕೌಂಟರಿಗೆ ಓಡಿದಳು. ಬಾಗಿಲು ಹಾಕುವ ಹೊತ್ತು. ಶಿಲ್ಪಶ್ರೀ ಗಡಿಯಾರ ನೋಡಿದಳು.

"ನಂದು ಬೇಗ ಆಗ್ತದೆ ಮಗಾ," ಎನ್ನುತ್ತ ಬಂಗಾರಮ್ಮ ಎದ್ದು ಬಂದರು. "ನಂಗೆ ಕುತ್ತಿಗೆಯಿಂದ ತೆಗೆಯೋಕೆ ಎಂತದೂ ಇಲ್ಲ."