ಭಾವಮೈದುನ ಹಾಡಬಾರದು

ಮೊಬೈಲಿನಲ್ಲಿ ಹಾಡುವವರನ್ನು ಹುಡುಕಿ ವೇದಿಕೆಗೆ ತರಲು ಹೊರಟವನಿಗೆ ಒಂದಿಲ್ಲೊಂದು ಫಜೀತಿ ಗಂಟುಬೀಳುತ್ತಲೇ ಇರುತ್ತದೆ. ಪುಣೆಯ ನಮ್ಮ ಕನ್ನಡ ಬಳಗದಲ್ಲಿ ಆ ಕೆಲಸ ನನ್ನದು. ಕಲಾಸೇವೆ ಎಂದು ಎಲ್ಲರಿಗೂ ಹೇಳುತ್ತೇನೆ. ನಿಜವೆಂದರೆ, ಬೇರೆ ಯಾರೂ ಸಿಗದಿದ್ದರೆ ರಾಜ್ಯೋತ್ಸವಕ್ಕೆ ಅಧ್ಯಕ್ಷರ ಭಾವಮೈದುನ, ಅಂದರೆ ಅವರ ಹೆಂಡತಿಯ ತಮ್ಮ, ಹಾಡುತ್ತಾನೆ. ಕಳೆದ ಸಲ ಅವನು ಶುರು ಮಾಡಿದಾಗ ಸಭಾಂಗಣ ತುಂಬಿತ್ತು. ಮುಗಿಸಿದಾಗ ಕುರ್ಚಿ ಬಾಡಿಗೆಗೆ ಕೊಟ್ಟವನೊಬ್ಬ ಉಳಿದಿದ್ದ. ಅವನೂ ಉಳಿದದ್ದು ಕುರ್ಚಿ ಒಯ್ಯಬೇಕಾಗಿತ್ತೆಂದು.

ಪಲ್ಲವಿ

ಮೊದಲು ಸಿಕ್ಕವಳು ವಾಕಡ ಬಡಾವಣೆಯ ಐಟಿ ಹುಡುಗಿ, ಮೂಲ ಬೆಂಗಳೂರಿನವಳು. ಗಿಟಾರ್ ಹಿಡಿದು ಹಳೆಯ ಸಿನಿಮಾ ಹಾಡುಗಳ ರೀಲ್ ಹಾಕುತ್ತಿದ್ದಳು. ಜೇನಿನಂಥ ದನಿ. ಹೇಗೆ ಹಾಡುತ್ತಾಳೆ ನೋಡೋಣ ಎಂದು ಯುಗಾದಿ ಕಾರ್ಯಕ್ರಮಕ್ಕೆ ಕರೆದೆವು. ಹಾಡಿನ ಪಲ್ಲವಿ ಹಾಡಿದಳು, ಜನ ತಲೆದೂಗಿದರು. ತಬಲಾದವನು ಚರಣಕ್ಕೆ ತಯಾರಾಗುವಷ್ಟರಲ್ಲಿ ಕೈಮುಗಿದು ಇಳಿದುಬಿಟ್ಟಳು. ಉಳಿದದ್ದು ಎಲ್ಲಮ್ಮಾ ಎಂದೆ.

"ನಂಗೆ ಅಷ್ಟೇ ಬರೋದು ಅಂಕಲ್. ರೀಲ್‌ಗೆ ಅಷ್ಟೇ ಸಾಕಲ್ವಾ?"

ಹಾಗೆ ನೂರಾರು ಹಾಡು ಬರುತ್ತವಂತೆ, ಎಲ್ಲವೂ ಪಲ್ಲವಿಯವರೆಗೆ. ಅಷ್ಟರಲ್ಲಿ ಭಾವಮೈದುನ ನನ್ನ ಪಕ್ಕಕ್ಕೆ ಬಂದು, ರಾಜ್ಯೋತ್ಸವಕ್ಕೂ ಈಕೆಯನ್ನೇ ಕರೆಯಿರಿ, ಚರಣಗಳನ್ನೆಲ್ಲ ತಾನು ನೋಡಿಕೊಳ್ಳುತ್ತೇನೆ ಎಂದ.

ಕ್ಯಾಂಪಿನ ಗಾಯಕರು

ಎರಡನೆಯವರು ಕ್ಯಾಂಪಿನಲ್ಲಿ, ಅಂದರೆ ಪುಣೆಯ ದಂಡು ಪ್ರದೇಶದಲ್ಲಿ, ಗಡಿಯಾರ ರಿಪೇರಿ ಅಂಗಡಿ ಇಟ್ಟವರು. ಕನ್ನಡ ಹಾಡನ್ನು ಕಣ್ಮುಚ್ಚಿ ಪೂರ್ತಿ ಹಾಡುತ್ತಿದ್ದರು. ಕರೆಸಿದಾಗ ಗೊತ್ತಾಯಿತು, ಅವರು ಅಚ್ಚ ಮರಾಠಿಯವರು, ಕನ್ನಡದ ಗಂಧವಿಲ್ಲ. ಕೇಳಿ ಕೇಳಿ ಬಾಯಿಪಾಠ ಮಾಡಿದ್ದರು. ಅತಿಥಿಗೆ ಬೇಸರವಾಗಬಾರದೆಂದು ಎಲ್ಲರೂ ಮರಾಠಿಗಿಳಿದೆವು. ಹೊರಗೆ ದಿನವೂ ಮರಾಠಿ ಆಡುವ ಅಭ್ಯಾಸ ಬಲವಾದದ್ದು, ಆಮೇಲೆ ನಮ್ಮನಮ್ಮಲ್ಲೂ ಅದೇ ನಡೆಯಿತು. ಅವರು ಹಾಡಿದಾಗ ಮಾತ್ರ ಆ ಕೋಣೆಯಲ್ಲಿ ಕನ್ನಡ ಕೇಳಿಸಿತು.

ದೀಪಾವಳಿ ಗಿರಾಕಿಗಳನ್ನು ಬಿಟ್ಟು ರಾಜ್ಯೋತ್ಸವಕ್ಕೆ ಬರಲಾಗದೆಂದು ಪಾಪ ತುಂಬ ನೊಂದುಕೊಂಡರು. ಹೊರಡುವಾಗ ಮರಾಠಿಯಲ್ಲೇ ವಿನಯದಿಂದ ಕೇಳಿದರು: "ನಿಮ್ಮ ಪೈಕಿ ಕನ್ನಡ ಬರುವವರು ಯಾರಾದರೂ ಇದ್ದರೆ ಈ ಹಾಡಿನ ಅರ್ಥ ಹೇಳುತ್ತೀರಾ?"

ನೀಲಿ ಗೋಡೆ

ರಾಜ್ಯೋತ್ಸವ ಹತ್ತಿರ ಬಂತು. ಭಾವಮೈದುನ ಗಂಟಲು ತಿಳಿಯಾಗಲೆಂದು ಜ್ಯೇಷ್ಠಮಧು ಅಗಿಯತೊಡಗಿದ. ನನಗೆ ನಿದ್ದೆ ಹಾರಿಹೋಗಿದ್ದಾಗ ಒಂದು ಚಾನೆಲ್ ಕಣ್ಣಿಗೆ ಬಿತ್ತು. ಮುಖವಿಲ್ಲ, ಹೆಸರಿಲ್ಲ. ನೀಲಿ ಗೋಡೆ, ಹಾರ್ಮೋನಿಯಂ, ಬಳೆ ತೊಟ್ಟ ಎರಡು ಕೈ. ಆದರೆ ಆ ಕಂಠ! ನಾನು ಅತ್ತುಬಿಟ್ಟೆ.

ಅಧ್ಯಕ್ಷರಿಗೆ ಕೇಳಿಸಿದೆ. ಅವರೂ ಕಣ್ಣೊರೆಸಿಕೊಂಡರು.

"ಇಂಥಾಕಿ ಯಾರ ಮನ್ಯಾಗ ಇದ್ದಾಳೋ, ಅಂವ ಪುಣ್ಯವಂತ ರೀ."

ಪುಣ್ಯವಂತನ ಹೆಂಡತಿಗೆ ಮೆಸೇಜ್ ಹಾಕಿದೆ. ಬರುತ್ತೇನೆಂದಳು. ತಮ್ಮನನ್ನು ತಾನು ನೋಡಿಕೊಳ್ಳುವುದಾಗಿಯೂ ಬರೆದಳು. ಯಾವ ತಮ್ಮ ಎಂದು ನನಗೆ ಹೊಳೆಯಲಿಲ್ಲ.

ರಾಜ್ಯೋತ್ಸವದ ದಿನ ಗಾಯಕಿಯನ್ನು ಕರೆದಾಗ ಮುಂದಿನ ಸಾಲಿನಿಂದ ಎದ್ದದ್ದು ಅಧ್ಯಕ್ಷರ ಹೆಂಡತಿ. ಗಾಯಕಿಗೆ ಹೂಗುಚ್ಛ ಕೊಡಲು ಹೊರಟಳೆಂದು ತಿಳಿದ ಅಧ್ಯಕ್ಷರು, "ಏ, ಹೂವು ಬಿಟ್ಟು ಹೊಂಟಿ ನೋಡು" ಎಂದು ಹೂಗುಚ್ಛ ಹಿಡಿದು ವೇದಿಕೆಯವರೆಗೆ ಓಡಿದರು. ಆಕೆ ಅದನ್ನು ಇಸಿದುಕೊಂಡು, ಹಾರ್ಮೋನಿಯಂ ಮುಂದೆ ಕುಳಿತು, ಎದ್ದು ನಿಂತಿದ್ದ ತಮ್ಮನಿಗೆ ಕೂಡು ಎಂದು ಕಣ್ಣಲ್ಲೇ ಹೇಳಿದಳು. ಅವನು ಕುಳಿತ. ಒಂದು ಕುರ್ಚಿಯೂ ಖಾಲಿಯಾಗಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಅಧ್ಯಕ್ಷರು ಬೆಪ್ಪಾಗಿ ಕೇಳಿದರು, ಚಾನೆಲ್‌ಗೆ ಇದನ್ನೆಲ್ಲ ಯಾವಾಗ ಹಾಡಿದಿ ಎಂದು.

"ನೀವು ಬಳಗದ ಸಭಾಕ್ಕ ಹೋದಾಗ."

ಅಧ್ಯಕ್ಷರಿಗೆ ಹೆಮ್ಮೆಯೋ ಹೆಮ್ಮೆ. ಇನ್ನು ಮನೆಯಲ್ಲೇ ಕುಳಿತು ಕೇಳುತ್ತೇನೆಂದು ಸಭೆಗಳನ್ನೇ ನಿಲ್ಲಿಸಿಬಿಟ್ಟರು. ಹದಿನೈದು ದಿನವಾದರೂ ಚಾನೆಲ್‌ನಲ್ಲಿ ಹೊಸ ಹಾಡಿಲ್ಲ. ಕೊನೆಗೆ ನನಗೊಂದು ಮೆಸೇಜ್ ಬಂತು:

"ಅಣ್ಣಾರ, ನಿಮಗ ಕೈ ಮುಗೀತೀನ್ರಿ. ಇವರು ಮಗ್ಗಲದಾಗ ಕೂತು ತಾವೂ ಹಾಡಾಕ ಹತ್ತ್ಯಾರ. ಲಗೂನ ಒಂದ್ ಸಭಾ ಕರೀರಿ."